ಟರ್ನರ್ ಮಾಲೀಕನಾಗುವ ಹೊತ್ತು

ಮಂಡ್ಯ ಸೀಮೆಯಲ್ಲಿ ಆಲೆಮನೆಗಳು ಹೊಗೆಯಾಡುವ ತಿಂಗಳುಗಳಲ್ಲಿ ಅಲ್ಲಿನ ಲೇತ್ ಅಂಗಡಿಗಳಿಗೆ ಬಿಡುವೆಂಬುದೇ ಇರುವುದಿಲ್ಲ. ಗಾಣದ ಶಾಫ್ಟು ಸವೆದಿರುತ್ತದೆ, ಗನ್‌ಮೆಟಲ್ ಬುಷ್ ತಿಂದುಹೋಗಿರುತ್ತದೆ, ಕೀವೇ ಅಗಲವಾಗಿ ಪುಲ್ಲಿ ಗಡಗಡ ಎನ್ನುತ್ತಿರುತ್ತದೆ. ಕಬ್ಬು ಕಡಿದು ತಂದು ಹಾಕಿಯಾಗಿದೆ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಹಾಗಾಗಿ ಆಲೆಮನೆಯವನು ಶಾಫ್ಟನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದವನು ಅದು ರಿಪೇರಿಯಾಗುವ ತನಕ ಅಂಗಡಿ ಬಿಟ್ಟು ಕದಲುವುದಿಲ್ಲ. ಅಂಗಡಿಯಲ್ಲಿ ಇರುವುದು ಇಷ್ಟೇ: ಒಂದು ಹಳೆಯ ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್, ವೆಲ್ಡಿಂಗ್ ಸೆಟ್ಟು, ಟೂಲ್ ಮಸೆಯಲು ಗ್ರೈಂಡರ್. ಡ್ರಾಯಿಂಗ್ ಇಲ್ಲ. ಮುರಿದ ಪಾರ್ಟೇ ಡ್ರಾಯಿಂಗು. ಸವೆದ ಜಾಗಕ್ಕೆ ವೆಲ್ಡಿಂಗ್‌ನಿಂದ ಲೋಹ ತುಂಬಿ, ಚಕ್ಕಿಗೆ ಕಟ್ಟಿ, ಡಯಲ್ ಹಿಡಿದು ನೇರ ಮಾಡಿಕೊಂಡು, ಟರ್ನರ್ ಅದನ್ನು ಮತ್ತೆ ಮೊದಲಿನ ಅಳತೆಗೆ ಇಳಿಸುತ್ತಾನೆ. ಮೊದಲಿನ ಅಳತೆ ಎಷ್ಟಿತ್ತು ಎಂಬುದನ್ನು ಸವೆಯದೆ ಉಳಿದ ತುದಿಯಿಂದ ಅಥವಾ ಬೇರಿಂಗ್ ನಂಬರಿನಿಂದ ಲೆಕ್ಕ ಹಾಕುತ್ತಾನೆ.

ಕೆಲಸ ಮುಗಿದ ಮೇಲೆ ಆಲೆಮನೆಯವನು ಕೇಳುತ್ತಾನೆ: "ಎಷ್ಟಾಯ್ತು?"

ಈ ಪ್ರಶ್ನೆಗೆ ಉತ್ತರ ಕೊಡುವುದು ಲೇತಿನ ಕೆಲಸಕ್ಕಿಂತ ಕಷ್ಟ. ನಮ್ಮಲ್ಲಿ ಕೈಗೆ ಕೆಲಸ ಬಂದ ಮೇಲೂ ಬಾಯಿಗೆ ಬೆಲೆ ಬರಲು ವರ್ಷಗಳು ಹಿಡಿಯುತ್ತವೆ. ಮೆಷಿನ್ ಕೊಂಡ ದಿನ ಟರ್ನರ್ ಮಾಲೀಕನಾಗುತ್ತಾನೆ ಎಂದು ನಾವು ತಿಳಿದಿದ್ದೇವೆ. ತನ್ನ ಒಂದು ಗಂಟೆಗೆ ಎಷ್ಟು ಎಂದು ಲೆಕ್ಕ ಹಾಕಿ, ಅದನ್ನು ಗಿರಾಕಿಯ ಮುಖ ನೋಡಿ ಹೇಳಿದ ದಿನ ಆಗುತ್ತಾನೆ ಎಂಬುದು ನನ್ನ ಎಣಿಕೆ.

ಲೇತು ಎಂಬ ಯಂತ್ರದ ಕೆಲಸವನ್ನು ಹೇಳುವುದು ಸುಲಭ. ಲೋಹದ ತುಂಡು ತಿರುಗುತ್ತದೆ, ಹರಿತವಾದ ಟೂಲ್ ಅದನ್ನು ಕೆರೆಯುತ್ತದೆ. ಕುಂಬಾರನ ತಿಗರಿಯಂತೆಯೇ, ಮಣ್ಣಿನ ಬದಲು ಉಕ್ಕು. ಫೇಸಿಂಗ್, ಪ್ಲೇನ್ ಟರ್ನಿಂಗ್, ಬೋರಿಂಗ್, ಥ್ರೆಡಿಂಗ್, ನರ್ಲಿಂಗ್ ಎಂದು ಐಟಿಐ ಪುಸ್ತಕದಲ್ಲಿ ಕೆಲಸಗಳ ಪಟ್ಟಿಯೇ ಇದೆ. ಪುಸ್ತಕದಲ್ಲಿ ಒಂದು ಸೂತ್ರವೂ ಇದೆ: 50 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ರಾಡನ್ನು ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಕತ್ತರಿಸಬೇಕಾದರೆ ಚಕ್ಕು ನಿಮಿಷಕ್ಕೆ ಸುಮಾರು 190 ಸುತ್ತು ತಿರುಗಬೇಕು. ಅದೇ ರಾಡಿಗೆ ಕಾರ್ಬೈಡ್ ಟೂಲ್ ಹಾಕಿ ವೇಗವನ್ನು 150 ಮೀಟರಿಗೆ ಏರಿಸಿದರೆ 955 ಸುತ್ತು. ಸುತ್ತಿಗೆ 0.2 ಮಿ.ಮೀ. ಫೀಡ್ ಇಟ್ಟು 200 ಮಿ.ಮೀ. ಉದ್ದ ಒಂದು ಸಲ ಕೆರೆಯಲು ಮೊದಲನೆಯದಕ್ಕೆ ಐದು ನಿಮಿಷಕ್ಕೂ ಮಿಕ್ಕಿ ಬೇಕು, ಎರಡನೆಯದಕ್ಕೆ ಒಂದು ನಿಮಿಷ ಸಾಕು. ಈ ನಾಲ್ಕು ನಿಮಿಷದ ವ್ಯತ್ಯಾಸದಲ್ಲೇ ವ್ಯಾಪಾರದ ಅರ್ಧ ಕತೆ ಇದೆ.

ಉಳಿದರ್ಧ ಕಣ್ಣಿನಲ್ಲಿ, ಕಿವಿಯಲ್ಲಿ, ಬೆರಳಿನಲ್ಲಿ ಇದೆ. ಹೈಸ್ಪೀಡ್ ಸ್ಟೀಲಿನ ಟೂಲ್ ಹಾಕಿದಾಗ ಸುರುಳಿ ಸುರುಳಿಯಾಗಿ ಬರುವ ಚಿಪ್ಸು ಬೆಳ್ಳಗೋ, ತೆಳು ಹುಲ್ಲುಬಣ್ಣಕ್ಕೋ ಇರಬೇಕು. ನೀಲಿಗೆ ತಿರುಗಿತೆಂದರೆ ಟೂಲ್ ಬೇಯುತ್ತಿದೆ ಎಂದು ಅರ್ಥ, ವೇಗ ಇಳಿಸಬೇಕು. ಕಾರ್ಬೈಡ್ ಆದರೆ ಅದೇ ನೀಲಿ ಚಿಪ್ಸು ಬಂದರೂ ಗಾಬರಿಯಿಲ್ಲ. ಟೂಲ್ ಮೊಂಡಾಗುವ ಮೊದಲು ಮೆಷಿನ್ನಿನ ಸದ್ದು ಬದಲಾಗುತ್ತದೆ. ಹಳಬರು ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದವರು ತಟ್ಟನೆ ತಿರುಗಿ ನೋಡುವುದು ಆ ಸದ್ದಿಗೆ. ಬಿಸಿ ಜಾಬಿನ ಅಳತೆಯಂತೂ ಹೊಸಬರ ಪಾಲಿನ ಗುಂಡಿ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ ಎಂದು ಪ್ರೈಮರಿ ಶಾಲೆಯಲ್ಲೇ ಓದಿರುತ್ತೇವೆ. 50 ಮಿ.ಮೀ. ಬೋರಿಗೆ ಬೇರಿಂಗ್ ಕೂರಿಸಲು ಕೇಳುವ ಸಾಮಾನ್ಯ ಫಿಟ್ಟಾದ ಎಚ್7 ಅಂದರೆ ಸೊನ್ನೆಯಿಂದ 25 ಮೈಕ್ರಾನ್ ಒಳಗೆ ಇರಬೇಕು. ತಲೆಗೂದಲಿನ ದಪ್ಪದ ಅರ್ಧವೂ ಅಲ್ಲ. ಜಾಬ್ ಕೋಣೆಯ ಬಿಸಿಗಿಂತ 30 ಡಿಗ್ರಿ ಹೆಚ್ಚು ಕಾದಿದ್ದಾಗ ಅಳೆದರೆ ಸುಮಾರು 17 ಮೈಕ್ರಾನ್ ಹಿಗ್ಗಿರುತ್ತದೆ. ಚಕ್ಕಿನ ಮೇಲೆ ಸರಿಯಾಗಿದ್ದ ಬೋರು ಇನ್‌ಸ್ಪೆಕ್ಷನ್ ಟೇಬಲ್ಲಿನ ಮೇಲೆ ತಣ್ಣಗಾಗಿ ಬಿಗಿಯಾಗಿಬಿಡುತ್ತದೆ. ಟೀ ಕುಡಿದು ಬಂದು ಅಳೆ ಎಂದು ಮೇಸ್ತ್ರಿಗಳು ಹೇಳುವುದು ಹುಡುಗರ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ.

ಈ ವಿದ್ಯೆ ಕಲಿಯುವ ದಾರಿ ನಮ್ಮ ರಾಜ್ಯದಲ್ಲಿ ಸಾಕಷ್ಟು ಅಗಲವಾಗಿದೆ, ಹಳೆಯದೂ ಹೌದು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಟರ್ನರ್, ಫಿಟ್ಟರ್, ಮೆಷಿನಿಸ್ಟ್ ಎರಡು ವರ್ಷದ ಟ್ರೇಡುಗಳು. ದೇಶದಲ್ಲಿ ಈ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವುದಕ್ಕೆ ಕಾನೂನಿನ ನೆಲೆ ಕೊಟ್ಟ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಈ ಯೋಚನೆ ಅದಕ್ಕೂ ಮುಂಚಿನದು. ಭದ್ರಾವತಿ ಕಬ್ಬಿಣ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದರಿಂದ ಹುಟ್ಟಿದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟನ್ನೇ ಇವತ್ತು ಬೆಂಗಳೂರಿನವರು ಎಸ್‌ಜೆಪಿ ಎನ್ನುವುದು. ಟೂಲ್ ಅಂಡ್ ಡೈ ಕಡೆಗೆ ಹೋಗುವವರಿಗೆ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಇದೆ. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ಸಹಾಯದಿಂದ ಹುಟ್ಟಿದ ಎನ್‌ಟಿಟಿಎಫ್ ಕೂಡ ಪೀಣ್ಯದಲ್ಲಿ ಬೇರೂರಿ ನಮ್ಮದೇ ಆಗಿಬಿಟ್ಟಿದೆ. ಈಚೆಗೆ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳನ್ನು ಹಾಕಿಸಲಾಗಿದೆ.

ಕಲಿತವರು ಎಲ್ಲಿಗೆ ಹೋದರು? ಬಹುಕಾಲ ಉತ್ತರ ಒಂದೇ ಇತ್ತು: ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಐಟಿಐ ಕಾರ್ಖಾನೆ, ಮೈಕೋ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿದ್ದೇ ಲೇತು ಮಾಡುವುದಕ್ಕೆ. ವಾಚಿನ ಹೆಸರು ಆಮೇಲೆ ಬಂದದ್ದು. ಅದಕ್ಕಿಂತ ಒಂದು ದಶಕ ಮೊದಲೇ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತುಗಳ ಕಾರ್ಖಾನೆ ಶುರುವಾಗಿತ್ತು. ಆ ಕಾರ್ಖಾನೆ ಈಗ ಇಲ್ಲ. ಅದು ಮಾಡಿದ ಲೇತುಗಳು ಮಾತ್ರ ಇವೆ. ಎಷ್ಟೋ ತಾಲೂಕು ಕೇಂದ್ರಗಳ ವರ್ಕ್‌ಶಾಪುಗಳಲ್ಲಿ ಬಣ್ಣ ಹೋಗಿ, ಬೆಡ್ಡು ಸವೆದು, ಇನ್ನೂ ತಿರುಗುತ್ತಿವೆ. ಕಿರ್ಲೋಸ್ಕರ್ ಮನೆತನದ ಮೊದಲ ಉದ್ಯಮಿ ಲಕ್ಷ್ಮಣರಾಯರು ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎಂದು ಬೆಳೆದರು. ಅಂಗಡಿಯ ಜಾಗವನ್ನು ಪುರಸಭೆ ಬಿಡಿಸಿದ್ದರಿಂದ ಊರು ಬಿಟ್ಟು ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿಯ ಇವತ್ತಿನ ಫೌಂಡ್ರಿಗಳನ್ನು, ಅವುಗಳ ಎರಕಕ್ಕೆ ಮೆಷಿನಿಂಗ್ ಮಾಡಿಕೊಡುವ ಸಣ್ಣ ಸಣ್ಣ ಶೆಡ್ಡುಗಳನ್ನು ನೋಡಿದಾಗ ಆ ಪುರಸಭೆಯವರನ್ನು ನೆನೆದು ಸ್ವಲ್ಪ ನಗು ಬರುತ್ತದೆ.

ದೊಡ್ಡ ಕಾರ್ಖಾನೆಗಳು ತಮಗೆ ಬೇಕಾದ ಸಣ್ಣ ಪಾರ್ಟುಗಳನ್ನು ಹೊರಗೆ ಮಾಡಿಸಲು ಶುರು ಮಾಡಿದಾಗ, ಒಳಗೆ ಕಲಿತ ಕೈಗಳೇ ಹೊರಗೆ ಬಂದು ಶೆಡ್ಡು ಹಾಕಿದವು. ಮೊದಲು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟು, ಎಪ್ಪತ್ತರ ದಶಕದಿಂದ ಪೀಣ್ಯ. ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ನಡೆದರೆ ಸಾಕು, ಒಂದು ಗೇರು ಹುಟ್ಟುವ ಪೂರಾ ದಾರಿ ಕಾಣುತ್ತದೆ: ಒಬ್ಬ ರಾಡು ಕತ್ತರಿಸುತ್ತಾನೆ, ಎದುರಿನವ ಟರ್ನಿಂಗ್ ಮಾಡುತ್ತಾನೆ, ಮೂಲೆಯವನು ಹಲ್ಲು ಕೊರೆಯುತ್ತಾನೆ, ಹಿಂದಿನ ರಸ್ತೆಯಲ್ಲಿ ಹೀಟ್ ಟ್ರೀಟ್‌ಮೆಂಟು, ಅದರಾಚೆ ಗ್ರೈಂಡಿಂಗು, ಪ್ಲೇಟಿಂಗು. ನಡುವೆ ಟ್ರೇಗಳನ್ನು ಹೊತ್ತ ಲಗೇಜ್ ಆಟೋಗಳ ಓಡಾಟ. ಒಂದು ಕಂಪನಿಯ ಗೋಡೆಯೊಳಗೆ ಇರಬೇಕಾಗಿದ್ದ ಕಾರ್ಖಾನೆ ಬೀದಿಯ ಉದ್ದಕ್ಕೂ ಹರಡಿಕೊಂಡಿದೆ. ಈ ಏರ್ಪಾಡಿನ ಲಾಭ ಏನೆಂದರೆ ಎಲ್ಲ ಯಂತ್ರವೂ ತನ್ನದೇ ಆಗಬೇಕಿಲ್ಲ. ಒಂದೇ ಲೇತು ಇಟ್ಟುಕೊಂಡವನೂ ಪೂರ್ತಿ ಪಾರ್ಟಿನ ಆರ್ಡರ್ ಹಿಡಿಯಬಹುದು.

ಹೆಚ್ಚಿನವರ ಆರಂಭ ಹೀಗೇ ಇರುತ್ತದೆ. ಎಂಟು ಹತ್ತು ವರ್ಷ ಒಂದು ಕಡೆ ದುಡಿದ ಟರ್ನರ್ ಮತ್ತು ಅವನ ಜೊತೆಯ ಸೆಟ್ಟರ್ ಸೇರಿ, ಯಾರದೋ ಶೆಡ್ಡಿನ ಮೂಲೆ ಬಾಡಿಗೆಗೆ ಹಿಡಿದು, ಸೆಕೆಂಡ್ ಹ್ಯಾಂಡ್ ಮೆಷಿನ್ ಹಾಕುತ್ತಾರೆ. ಕೆಲವರು ಹಗಲು ಹಳೆಯ ಕೆಲಸಕ್ಕೇ ಹೋಗಿ ರಾತ್ರಿ ತಮ್ಮ ಮೆಷಿನ್ ಓಡಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಲೇತು ಕೊಳ್ಳುವಾಗ ಹೊಸ ಬಣ್ಣ ನೋಡಿ ಮರುಳಾಗಬಾರದು. ಚಕ್ಕಿನ ಹತ್ತಿರ ಬೆಡ್ಡು ಎಷ್ಟು ಸವೆದಿದೆ ಎಂದು ನೋಡಬೇಕು, ಏಕೆಂದರೆ ಸಣ್ಣ ಜಾಬುಗಳೆಲ್ಲ ಆ ಜಾಗದಲ್ಲೇ ಆಗಿರುತ್ತವೆ. ಸ್ಪಿಂಡಲ್ಲಿಗೆ ಡಯಲ್ ಹಚ್ಚಿ ತಿರುಗಿಸಬೇಕು. ಉದ್ದ ರಾಡೊಂದನ್ನು ಟರ್ನ್ ಮಾಡಿಸಿ ಎರಡೂ ತುದಿ ಅಳೆಯಬೇಕು. ಮಾರುವವನು ಕರೆಂಟಿಲ್ಲ ಎಂದರೆ ಕರೆಂಟು ಬರುವ ತನಕ ಕಾಯಬೇಕು.

ದುಡ್ಡಿನ ಮೂಲಗಳು ಈಗ ಮೊದಲಿಗಿಂತ ಹೆಚ್ಚಿವೆ. ಅಡಮಾನವಿಲ್ಲದೆ 10 ಲಕ್ಷದವರೆಗೆ ಮುದ್ರಾ ಸಾಲ 2015ರಿಂದ ಇದೆ; ಹಿಂದಿನ ಸಾಲ ತೀರಿಸಿದವರಿಗೆ ಈಗ 20 ಲಕ್ಷದವರೆಗೂ ಸಿಗುತ್ತದೆ. ಮೊದಲ ಸಲ ಉದ್ಯಮ ಹಾಕುವವರಿಗೆ ಪಿಎಂಇಜಿಪಿ ಯೋಜನೆಯಲ್ಲಿ ಸಬ್ಸಿಡಿಯೂ ಉಂಟು. ಉದ್ಯಮ್ ಪೋರ್ಟಲಿನ ನೋಂದಣಿಗೆ ದುಡ್ಡು ಕೊಡಬೇಕಿಲ್ಲ, ದಲ್ಲಾಳಿ ಬೇಕಿಲ್ಲ. ಹಾಗಾಗಿ ಈ ಕಾಲದಲ್ಲಿ ಮೆಷಿನ್ ಕೊಳ್ಳುವುದು ಅಷ್ಟು ದೊಡ್ಡ ಸಾಹಸವಲ್ಲ. ಬ್ಯಾಂಕಿನವರೂ, ಮೆಷಿನ್ ಮಾರುವವರೂ ಸೇರಿ ಕೊಡಿಸಿಬಿಡುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಹಿಡಿದವು. ಓದುವವರು ತಮ್ಮ ಊರಿನ ಅಂಕಿ ಹಾಕಿಕೊಳ್ಳಬಹುದು. ಕಂಪ್ಯೂಟರ್ ಪ್ರೋಗ್ರಾಮಿನಂತೆ ತಾನೇ ನಡೆಯುವ ಸಿಎನ್‌ಸಿ ಲೇತಿಗೆ 20 ಲಕ್ಷ. ಕೈಯಿಂದ 4 ಲಕ್ಷ, ಸಾಲ 16 ಲಕ್ಷ, ಶೇ 11ರ ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 34,800 ರೂಪಾಯಿ. ಶೆಡ್ಡಿನ ಬಾಡಿಗೆ 15,000. ಆಪರೇಟರಿಗೆ 22,000. ಕರೆಂಟಿಗೆ 6,000. ಇನ್ಸರ್ಟು, ಕೂಲೆಂಟು, ಆಯಿಲ್ಲು, ಚಿಲ್ಲರೆ ಸೇರಿ 7,000. ಒಟ್ಟು 84,800. ದಿನಕ್ಕೆ ಎಂಟು ಗಂಟೆಯಂತೆ 25 ದಿನಕ್ಕೆ 200 ಗಂಟೆ. ಅದರಲ್ಲಿ ಸೆಟ್ಟಿಂಗು, ಮೊದಲ ಪೀಸಿನ ತಪಾಸಣೆ, ಕರೆಂಟ್ ಹೋಗುವುದು, ಮೆಟೀರಿಯಲ್ ಬರದೆ ಕಾಯುವುದು ಎಂದು 40 ಗಂಟೆ ಕಳೆದರೆ ನಿಜವಾಗಿ ಚಿಪ್ಸು ಬೀಳುವುದು 160 ಗಂಟೆ. ಗಂಟೆಗೆ 530 ರೂಪಾಯಿ. ಗಮನಿಸಿ, ಇದರಲ್ಲಿ ಮಾಲೀಕನ ಸಂಬಳವೇ ಇಲ್ಲ. ಅವನಿಗೂ ಮನೆ ಇದೆ, ಮಕ್ಕಳ ಫೀಸಿದೆ ಎಂದು 40,000 ಸೇರಿಸಿದರೆ ಗಂಟೆಗೆ 780.

ಈಗ ಕಂಪನಿಯ ಪರ್ಚೇಸ್ ವಿಭಾಗದಿಂದ ಒಂದು ಜಾಬ್ ಬರುತ್ತದೆ. ನಾಲ್ಕು ನಿಮಿಷದ ಕೆಲಸ. ಗಂಟೆಗೆ 15 ಪೀಸು. ನಮ್ಮ ಲೆಕ್ಕದಲ್ಲಿ ಪೀಸಿಗೆ 52 ರೂಪಾಯಿ ಆಗಬೇಕು. ಅವರು 28 ಎನ್ನುತ್ತಾರೆ. ಪಕ್ಕದ ರಸ್ತೆಯವನು ಒಪ್ಪಿದ್ದಾನೆ ಎಂದೂ ಸೇರಿಸುತ್ತಾರೆ. ಪಕ್ಕದ ರಸ್ತೆಯವನು ಹೇಗೆ ಒಪ್ಪಿದ? ಅವನು ರಾತ್ರಿ ಪಾಳಿಯನ್ನೂ ಓಡಿಸುತ್ತಿದ್ದಾನೆ. ಎರಡು ಪಾಳಿಗೆ ಕಂತೂ ಬಾಡಿಗೆಯೂ ಅಷ್ಟೇ ಇರುತ್ತವೆ, ಉಳಿದವು ಇಮ್ಮಡಿಯಾಗುತ್ತವೆ: ತಿಂಗಳಿಗೆ 1,19,800. ಗಂಟೆಗಳು 320. ಗಂಟೆಗೆ 374 ರೂಪಾಯಿ. 28 ರೂಪಾಯಿಯ 15 ಪೀಸಿಗೆ ಬರುವುದು 420. ಗಂಟೆಗೆ 46 ರೂಪಾಯಿ ಮಿಗುತ್ತದೆ, ತಿಂಗಳಿಗೆ 14,600ರ ಸುಮಾರು. ಎಲ್ಲ ಪೀಸೂ ಪಾಸಾಗಿ, ಎಲ್ಲ ಬಿಲ್ಲೂ ಬಂದು, ಎರಡೂ ಪಾಳಿಗೆ ಕೆಲಸ ತುಂಬಿದ್ದರೆ ಮಾಲೀಕನಿಗೆ ಉಳಿಯುವುದು ಇಷ್ಟು. ಅವನ ಆಪರೇಟರಿಗೆ 22,000.

ಈ ಲೆಕ್ಕ ಕಾಗದದ ಮೇಲೆ ಹಾಕದವರು ಇಂಥ ಕೆಲಸಗಳನ್ನು ವರ್ಷಾನುಗಟ್ಟಲೆ ಮಾಡುತ್ತಾರೆ. ಮೆಷಿನ್ ಓಡುತ್ತಿದೆ, ಬ್ಯಾಂಕಿನಲ್ಲಿ ವಹಿವಾಟು ಕಾಣುತ್ತಿದೆ, ಊರಿನಲ್ಲಿ ಫ್ಯಾಕ್ಟರಿ ಇಟ್ಟಿದ್ದಾನೆ ಎಂಬ ಹೆಸರಿದೆ. ತನ್ನ ದುಡಿಮೆಗೆ ತಾನೇ ಕೂಲಿ ಕೊಟ್ಟುಕೊಳ್ಳದೆ ಕಂಪನಿಗೆ ದಾನ ಮಾಡುತ್ತಿದ್ದೇನೆ ಎಂದು ಗೊತ್ತಾಗುವುದು ಸ್ಪಿಂಡಲ್ ಬೇರಿಂಗ್ ಹೋದಾಗ, ಅದನ್ನು ಹಾಕಿಸಲು ದುಡ್ಡಿಲ್ಲದಾಗ.

ರಿಜೆಕ್ಷನ್ನಿನ ಲೆಕ್ಕ ಇನ್ನೂ ಒರಟು. ಜಾಬ್‌ವರ್ಕಿನಲ್ಲಿ ಮೆಟೀರಿಯಲ್ ಕಂಪನಿಯದು, ಕೂಲಿ ನಮ್ಮದು. 40 ರೂಪಾಯಿ ಕೂಲಿಯ ಎರಕದ ಪೀಸಿನ ಬೆಲೆ 900 ಇರಬಹುದು. ಒಂದು ಬೋರು ಕೆಟ್ಟರೆ ಡೆಬಿಟ್ ನೋಟು ಬರುವುದು 900ಕ್ಕೆ, ಕೂಲಿಗಲ್ಲ. ಅಂದರೆ ಒಂದು ಪೀಸಿನ ತಪ್ಪನ್ನು ತೀರಿಸಲು ಇಪ್ಪತ್ತಮೂರು ಒಳ್ಳೆಯ ಪೀಸಿನ ಪೂರ್ತಿ ಕೂಲಿ ಬೇಕು. ಮೈಕ್ರೋಮೀಟರನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ನಿಗೆ ಕಳಿಸುವ ಖರ್ಚು ಉಳಿಸಲು ನೋಡುವವರು ಈ ಭಾಗಾಕಾರವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಚಿಪ್ಸು ಯಾರಿಗೆ ಸೇರಿದ್ದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಉಕ್ಕಿನ ಚಿಪ್ಸಿಗೆ ಯಾರೂ ಜಗಳವಾಡುವುದಿಲ್ಲ. ಹಿತ್ತಾಳೆಯಾದರೆ ಮಾತು ಬೇರೆ. ಕೆಲವು ಜಾಬುಗಳಲ್ಲಿ ಕೂಲಿಗಿಂತ ಚಿಪ್ಸಿನ ಬೆಲೆಯೇ ದೊಡ್ಡದು. ಹೋದ ತೂಕ, ಬಂದ ತೂಕ, ಬಿದ್ದ ಚಿಪ್ಸಿನ ತೂಕ ಹೊಂದದಿದ್ದರೆ ಹತ್ತು ವರ್ಷದ ಸ್ನೇಹವೂ ಮುರಿದು ಬೀಳುತ್ತದೆ. ಕಳಿಸಿದ ಮಾಲು ಒಂದು ವರ್ಷದೊಳಗೆ ಹಿಂತಿರುಗಬೇಕೆಂದು ಜಿಎಸ್‌ಟಿ ಕಾನೂನೂ ಹೇಳುತ್ತದೆ. ಅದಕ್ಕೇ ಡೆಲಿವರಿ ಚಲನ್ ಎಂಬ ಆ ತೆಳು ಕಾಗದವನ್ನು ಹಳಬರು ದೇವರ ಫೋಟೋದ ಹಿಂದೆ ಜೋಪಾನ ಮಾಡುವುದು.

ಇದೆಲ್ಲ ಸರಿ ಮಾಡಿದವನಿಗೂ ಕೊನೆಯ ಪರೀಕ್ಷೆ ಒಂದಿದೆ: ದುಡ್ಡು ಬರುವುದು. ಆಲೆಮನೆಯವನು ಕೆಲಸ ಮುಗಿದ ಕೂಡಲೇ ಎಣಿಸಿ ಕೊಟ್ಟು ಹೋಗುತ್ತಾನೆ, ಹೆಚ್ಚೆಂದರೆ ಬೆಲ್ಲ ಮಾರಿದ ಮೇಲೆ ಎನ್ನುತ್ತಾನೆ. ಕಂಪನಿಯದು ಹಾಗಲ್ಲ. ಸಣ್ಣ ಉದ್ಯಮಗಳ ಕಾಯ್ದೆ 2006ರಿಂದ ಇದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾಲು ಒಪ್ಪಿಕೊಂಡ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಓದಿದರೆ ಎದೆ ಉಬ್ಬುವ ಕಾನೂನು. ಆದರೆ ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡುವವರು ಯಾರು? 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಕಡೆಯಿಂದಲೂ ಬಿಗಿ ಮಾಡಲಾಯಿತು. ಕಿರು ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ, ನಿಜವಾಗಿ ಕೊಡುವ ತನಕ ಕಂಪನಿ ಅದನ್ನು ತನ್ನ ಖರ್ಚೆಂದು ತೋರಿಸುವಂತಿಲ್ಲ. ಕೆಲವು ಕಡೆ ಇದರಿಂದ ಹಣ ಬೇಗ ಬಂತು. ಉದ್ಯಮ್ ನೋಂದಣಿ ಇಲ್ಲದವರಿಗೆ ಕೆಲಸ ಕೊಡುತ್ತೇವೆ ಎಂದು ಕಂಪನಿಗಳು ಹೆದರಿಸುತ್ತಿವೆ ಎಂಬ ಮಾತೂ ಆಗ ಎಲ್ಲೆಡೆ ಕೇಳಿಬಂತು. ಅಷ್ಟರಲ್ಲಿ ಜಿಎಸ್‌ಟಿ ಮಾತ್ರ ಕಾಯುವುದಿಲ್ಲ. ಬಿಲ್ಲಿನ ದುಡ್ಡು ಬರಲಿ ಬಿಡಲಿ, ಅದರ ಮೇಲಿನ ತೆರಿಗೆಯನ್ನು ಗಡುವಿಗೆ ಸರಿಯಾಗಿ ಕಟ್ಟಲೇಬೇಕು. ಬಾರದ ಹಣದ ಮೇಲಿನ ತೆರಿಗೆಯನ್ನು ಕೈಗಡ ತಂದು ಕಟ್ಟುವುದು ಸಣ್ಣ ಶೆಡ್ಡುಗಳಲ್ಲಿ ಮಾಮೂಲು.

ಇದಕ್ಕೆ ಮದ್ದಿಲ್ಲವೆಂದಲ್ಲ. ಎರಡನೇ ಮೆಷಿನ್ ಕೊಳ್ಳುವ ಮೊದಲು ಎರಡನೇ ಗಿರಾಕಿಯನ್ನು ಹುಡುಕು ಎನ್ನುತ್ತಾರೆ ಪೀಣ್ಯದ ಅನುಭವಸ್ಥರು. ಅದೂ ಬೇರೆ ಕಸುಬಿನ ಗಿರಾಕಿ: ಒಬ್ಬ ಮೋಟಾರು ವಾಹನದವನಾದರೆ ಇನ್ನೊಬ್ಬ ಪಂಪಿನವನೋ, ಪ್ಯಾಕಿಂಗ್ ಮೆಷಿನ್ನಿನವನೋ ಆಗಿರಬೇಕು. 2019ರಲ್ಲಿ ವಾಹನಗಳ ಮಾರಾಟ ಕುಸಿದಾಗ ಒಂದೇ ಕಡೆ ಕಟ್ಟಿಕೊಂಡವರ ಶೆಡ್ಡುಗಳು ಮೊದಲು ತಣ್ಣಗಾದವು. ಮರುವರ್ಷದ ಲಾಕ್‌ಡೌನ್ ಎಲ್ಲರನ್ನೂ ಸಮ ಮಾಡಿತು ಅನ್ನಿ. ಈ ವಿಷಯದಲ್ಲಿ ಊರಿನ ರಿಪೇರಿ ಅಂಗಡಿಯವನೇ ಗಟ್ಟಿಗ. ಅವನಿಗೆ ನೂರು ಗಿರಾಕಿ, ನೂರು ಥರದ ಜಾಬು. ಆಲೆಮನೆ ಮುಗಿದರೆ ಟ್ರ್ಯಾಕ್ಟರಿನ ಪಿನ್ನು, ಅದು ಮುಗಿದರೆ ಬೋರ್‌ವೆಲ್ ಪಂಪಿನ ಶಾಫ್ಟು, ಕೊಯ್ಲಿಗೆ ಬಂದ ಹಾರ್ವೆಸ್ಟರಿನ ಬುಷ್ಷು. ಅವನು ಶ್ರೀಮಂತನಾಗುವುದು ಅಪರೂಪ, ಮುಳುಗುವುದೂ ಅಪರೂಪ. ಪೀಣ್ಯದವನಿಗೆ ಎರಡೂ ಸಾಧ್ಯ.

ಸಿಎನ್‌ಸಿ ಬಂದ ಮೇಲೆ ಟರ್ನರ್ ಬೇಕಿಲ್ಲ, ಬಟನ್ ಒತ್ತುವವನು ಸಾಕು ಎಂಬ ಮಾತು ಹಳೆಯದು. ಪೀಣ್ಯದಲ್ಲೇ ತಯಾರಾಗುವ ಏಸ್ ಡಿಸೈನರ್ಸ್‌ನಂಥ ಕಂಪನಿಗಳ ಮೆಷಿನ್‌ಗಳು ಸಣ್ಣವರ ಕೈಗೂ ಎಟುಕಿ, ಬಟನ್ ಒತ್ತುವ ಹುಡುಗರ ದೊಡ್ಡ ಪಡೆಯೇ ಹುಟ್ಟಿಕೊಂಡಿದೆ, ನಿಜ. ಪ್ರೋಗ್ರಾಂ ಯಾರೋ ಬರೆದಿರುತ್ತಾರೆ; ಹುಡುಗ ಪೀಸು ಕಟ್ಟುತ್ತಾನೆ, ಬಿಚ್ಚುತ್ತಾನೆ. ಅವನ ಸಂಬಳ ಕೆಲವೇ ವರ್ಷಗಳಲ್ಲಿ ನಿಂತುಬಿಡುತ್ತದೆ. ಪಕ್ಕದಲ್ಲೇ ಸೆಟ್ಟರ್ ಇರುತ್ತಾನೆ. ಹೊಸ ಜಾಬಿಗೆ ಚಕ್ಕಿನ ಹಲ್ಲು ಬೋರ್ ಮಾಡುವುದು, ಟೂಲಿನ ಆಫ್‌ಸೆಟ್ ಕೊಡುವುದು, ತೆಳು ಪೈಪು ಹಿಡಿತಕ್ಕೆ ಅಂಡಾಕಾರವಾಗದಂತೆ ನೋಡಿಕೊಳ್ಳುವುದು, ಎಲ್ಲಿ ಅರ್ಧ ನಿಮಿಷ ಉಳಿಸಬಹುದು ಎಂದು ಲೆಕ್ಕ ಹಾಕುವುದು ಅವನ ಕೆಲಸ. ಇವನಿಗೆ ಹತ್ತು ಕಡೆಯಿಂದ ಕರೆ. ಸ್ವಂತ ಶೆಡ್ಡು ಹಾಕುವವರು ಬರುವುದೂ ಸಾಮಾನ್ಯವಾಗಿ ಈ ಸಾಲಿನಿಂದಲೇ. ಕೈ ಲೇತಿನ ಮೇಲೆ ಎರಡು ವರ್ಷ ಬೆವರು ಸುರಿಸದೆ ನೇರವಾಗಿ ಸಿಎನ್‌ಸಿ ಮುಂದೆ ನಿಂತವನು ಸೆಟ್ಟರ್ ಆಗುವುದು ಕಷ್ಟ ಎಂದು ಹಳಬರು ವಾದಿಸುತ್ತಾರೆ. ಹಳಬರು ಎಲ್ಲ ಕಾಲದಲ್ಲೂ ಹೀಗೇ ಹೇಳುತ್ತಾರೆ. ಆದರೂ ಇಲ್ಲಿ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಉಕ್ಕು ಟೂಲನ್ನು ಹೇಗೆ ತಳ್ಳುತ್ತದೆ ಎಂಬುದನ್ನು ಹ್ಯಾಂಡ್‌ವ್ಹೀಲಿನಲ್ಲಿ ಕೈಯಾರೆ ತಿಳಿದವನಿಗೆ ಸ್ಕ್ರೀನಿನ ಮೇಲಿನ ಅಂಕಿ ಬೇರೆಯದೇ ಆಗಿ ಕಾಣುತ್ತದೆ.

ಅಪಾಯವೂ ಕೈಯ ಹತ್ತಿರದ್ದೇ. ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಮೆಷಿನ್ ಆನ್ ಮಾಡುವುದು, ಗ್ಲೌಸ್ ಹಾಕಿಕೊಂಡು ತಿರುಗುವ ಜಾಬಿನ ಹತ್ತಿರ ಹೋಗುವುದು, ಸುರುಳಿ ಚಿಪ್ಸನ್ನು ಬೆರಳಿನಲ್ಲಿ ಎಳೆಯುವುದು: ಮೂರಕ್ಕೂ ಕ್ಷಮೆಯಿಲ್ಲ. ಒಳ್ಳೆಯ ಶೆಡ್ಡಿನಲ್ಲಿ ಹೊಸ ಹುಡುಗನಿಗೆ ಮೊದಲು ಕಲಿಸುವುದು ಇದನ್ನೇ.

ಹೊಸ ಹುಡುಗರು ಸಿಗುತ್ತಿಲ್ಲ ಎಂಬುದು ಇವತ್ತು ಎಲ್ಲ ಶೆಡ್ಡಿನ ಗೋಳು. ದಿನವಿಡೀ ನಿಂತು ಆಯಿಲ್ ಮೆತ್ತಿಕೊಳ್ಳುವುದಕ್ಕಿಂತ ಬೈಕಿನಲ್ಲಿ ಊಟ ತಲುಪಿಸುವುದು ಹುಡುಗರಿಗೆ ಲೇಸು ಅನ್ನಿಸಿದೆ. ಮೊದಲ ತಿಂಗಳ ಸಂಪಾದನೆ ನೋಡಿದರೆ ಅವರ ಲೆಕ್ಕವೂ ತಪ್ಪಲ್ಲ. ಹೆಣ್ಣು ಕೊಡುವವರ ಕಣ್ಣಿನಲ್ಲಿ ವರ್ಕ್‌ಶಾಪಿನ ಹುಡುಗನ ಬೆಲೆ ಹೇಗಿದೆ ಎಂಬುದೂ ಎಲ್ಲರಿಗೂ ಗೊತ್ತಿದೆ. ಅದೇ ಹುಡುಗ ಶೆಡ್ಡು ಹಾಕಿದ ಮೇಲೆ ಇಂಡಸ್ಟ್ರಿಯಲಿಸ್ಟ್ ಆಗುತ್ತಾನೆ, ಅದು ಬೇರೆ. ಆದರೆ ಗೊಣಗುವ ಮಾಲೀಕರು 28 ರೂಪಾಯಿಗೆ ಜಾಬ್ ಒಪ್ಪಿಕೊಂಡು ಬಂದು ಹುಡುಗನಿಗೆ ಒಳ್ಳೆಯ ಸಂಬಳ ಎಲ್ಲಿಂದ ಕೊಡುತ್ತಾರೆ? ಹುಡುಗರು ಬಾರದಿರುವುದಕ್ಕೂ ಬೆಲೆ ಹೇಳಲು ಬಾರದಿರುವುದಕ್ಕೂ ನಂಟಿದೆ.

ಐಟಿಐ ಪಠ್ಯದಲ್ಲಿ ಈಗ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಎಂಬ ವಿಷಯ ಇದೆ. ಬಯೋಡೇಟಾ ಬರೆಯುವುದು, ಇಂಟರ್‌ವ್ಯೂನಲ್ಲಿ ಕೂರುವುದು, ಸ್ವಲ್ಪ ಉದ್ಯಮಶೀಲತೆಯ ಪಾಠವೂ ಉಂಟು. ಅದನ್ನು ತರಗತಿಯಿಂದ ಎಬ್ಬಿಸಿ ಲೇತಿನ ಪಕ್ಕಕ್ಕೆ ತರಬೇಕು. ಹುಡುಗ ಬುಷ್ ಟರ್ನ್ ಮಾಡುವಾಗ ಗಡಿಯಾರ ಇಟ್ಟುಕೊಳ್ಳಲಿ. ಮೆಷಿನ್ನಿನ ಬೆಲೆ, ಕರೆಂಟಿನ ಯೂನಿಟ್ಟು, ಟೂಲಿನ ಸವೆತ ಎಲ್ಲ ಹಿಡಿದು ಆ ಬುಷ್ಷಿಗೆ ಎಷ್ಟು ಬಿತ್ತೆಂದು ಜಾಬಿನ ಜೊತೆಗೇ ಬರೆದುಕೊಡಲಿ. ಅಳತೆಗೆ ಎಷ್ಟು ಅಂಕವೋ ಈ ಕಾಗದಕ್ಕೂ ಅಷ್ಟೇ ಅಂಕ ಇರಲಿ. ಪೀಣ್ಯದಿಂದಲೋ, ಬೆಳಗಾವಿಯಿಂದಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಿಂದಲೋ ಶೆಡ್ಡಿನ ಮಾಲೀಕರೊಬ್ಬರನ್ನು ತಿಂಗಳಿಗೊಮ್ಮೆ ಕರೆಸಿ, ಅವರು ಈಚೆಗೆ ಹಾಕಿದ ನಾಲ್ಕು ಕೊಟೇಷನ್ನುಗಳನ್ನು, ಅದರಲ್ಲೂ ಕೈತಪ್ಪಿದ ಎರಡನ್ನು, ಬೋರ್ಡಿನ ಮೇಲೆ ಬಿಡಿಸಿ ತೋರಿಸುವಂತೆ ಕೇಳಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಬಂದವರಿಗೆ ಒಂದು ಊಟ, ಬಸ್ ಚಾರ್ಜು ಕೊಟ್ಟರೆ ಸಾಕು. ಮೆಷಿನ್ ನಿಲ್ಲಿಸಿ ಬರುವುದಾದರೆ ಅವರ ಗಂಟೆಯ ರೇಟನ್ನೂ ಕೊಡಬೇಕು.